ಕತ್ತಿಯ ಮೊನೆಯಲ್ಲಿ ತೆರೆಯುವ ಕಣ್ಣು: ಜಪಾನಿನ ಗೊಂಬೆಗಳ ಮುಂದೆ ಮೈ ಜುಮ್ಮೆನ್ನುವುದೇಕೆ?

ಜಪಾನಿನಲ್ಲಿ ಸಂಪ್ರದಾಯದ ಗೊಂಬೆಯ ತಲೆ ತಯಾರಾಗುವಾಗ ಅದಕ್ಕೆ ಕಣ್ಣೇ ಇಲ್ಲದ ಒಂದು ಹಂತ ಬರುತ್ತದೆ. ಗಾಜಿನ ಕಣ್ಣುಗಳನ್ನು ಮೊದಲೇ ಗುಳಿಯಲ್ಲಿ ಕೂರಿಸಿರುತ್ತಾರೆ. ಆದರೆ ಅವುಗಳ ಮೇಲೂ ಪದರದ ಮೇಲೆ ಪದರ ಬಿಳಿ ಲೇಪ ಬಿದ್ದು, ಇಡೀ ಮುಖ ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗೆ ನುಣ್ಣಗಾಗಿರುತ್ತದೆ. ಗೊಂಬೆ ಮಾಡುವವರು ಆ ತಲೆಯನ್ನು ಒಂದು ಕೈಯಲ್ಲಿ ಹಿಡಿದು, ಸಣ್ಣ ಚೂಪಾದ ಕತ್ತಿಯಿಂದ ಕಣ್ಣಿರಬೇಕಾದ ಜಾಗದಲ್ಲಿ ಲೇಪವನ್ನು ಕೊರೆಯುತ್ತಾ ಬರುತ್ತಾರೆ. ಕೂದಲೆಳೆಯಷ್ಟು ಕಪ್ಪು ಗೆರೆ ಕಾಣುತ್ತದೆ. ಗೆರೆ ಅಗಲವಾಗುತ್ತದೆ. ನೋಡನೋಡುತ್ತಿದ್ದಂತೆ ಒಳಗಿನಿಂದ ಯಾರೋ ನಮ್ಮನ್ನು ನೋಡುತ್ತಿರುತ್ತಾರೆ. ಈ ಕೆಲಸಕ್ಕೆ ಅವರಲ್ಲಿ 'ಮೆಕಿರಿ' ಎಂದು ಹೆಸರು, ಅಂದರೆ ಕಣ್ಣು ಕೊಯ್ಯುವುದು.

ಇದನ್ನು ಮೊದಲ ಸಲ ವಿಡಿಯೋದಲ್ಲಿ ನೋಡಿದಾಗ ನನ್ನ ಕೈ ತಾನಾಗಿಯೇ ಫೋನನ್ನು ದೂರ ಹಿಡಿಯಿತು. ಮರುಕ್ಷಣವೇ ಅದನ್ನು ಮೊದಲಿಗಿಂತ ಹತ್ತಿರಕ್ಕೆ ತಂದುಕೊಂಡೆ. ದೂರ ತಳ್ಳಿದ್ದೂ ಹತ್ತಿರ ಎಳೆದಿದ್ದೂ ಒಂದೇ ಮುಖ. ಹೀಗೇಕೆ ಆಗುತ್ತದೆ ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ದೆವ್ವದ ಕಥೆಗಿಂತ ಬಹಳ ಹಳೆಯದಾದ, ಬಹಳ ಮೃದುವಾದ ಸಂಗತಿ. ಈ ಗೊಂಬೆಗಳು ಹುಟ್ಟಿಸುವ ಅಂಜಿಕೆಯೂ ಅಕ್ಕರೆಯೂ ಎರಡಲ್ಲ, ಒಂದೇ ಬೇರಿನವು ಎಂದು ಈಗ ನನಗೆ ಖಚಿತವಾಗಿದೆ.

ಕಣ್ಣಿನಿಂದಲೇ ಶುರುಮಾಡೋಣ. ವಿಗ್ರಹದ ಕೆಲಸವೆಲ್ಲ ಮುಗಿದ ಮೇಲೆ ಕಡೆಗೆ ಕಣ್ಣು ತೆರೆಸುವ ನೇತ್ರೋನ್ಮೀಲನ ನಮಗೆ ಹೊಸದಲ್ಲ. ಜಪಾನಿನ ಬೌದ್ಧರಲ್ಲಿ ಇದೇ ವಿಧಿಗೆ 'ಕೈಗೆನ್' ಎನ್ನುತ್ತಾರೆ, ಅರ್ಥವೂ ಅದೇ. ಕ್ರಿ.ಶ. 752ರಲ್ಲಿ ನಾರಾ ನಗರದ ತೋದೈಜಿ ದೇವಾಲಯದಲ್ಲಿ ಕಂಚಿನ ಮಹಾಬುದ್ಧನ ಕಣ್ಣು ತೆರೆಸಿದವನು ಭಾರತದಿಂದ ಅಲ್ಲಿಗೆ ಹೋಗಿದ್ದ ಬೋಧಿಸೇನ ಎಂಬ ಭಿಕ್ಷು. ಅವನು ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿದ್ದರು. ನೆರೆದವರು ಆ ದಾರ ಹಿಡಿದು ನಿಂತು, ಕಣ್ಣು ಬರೆಯುವ ಪುಣ್ಯದಲ್ಲಿ ಪಾಲು ಪಡೆದರು. ಆ ಕುಂಚವನ್ನು ನಾರಾದ ಶೋಸೋಇನ್ ಭಂಡಾರದಲ್ಲಿ ಇವತ್ತಿಗೂ ಕಾಪಾಡಿಕೊಂಡಿದ್ದಾರೆ. ಕಣ್ಣು ಬಂದ ಮೇಲೆಯೇ ಆಕಾರಕ್ಕೆ ಜೀವ ಎಂಬ ನಂಬಿಕೆ ನಮ್ಮ ಕಡೆಯಿಂದ ಅಲ್ಲಿಗೆ ನಡೆದುಹೋದ ದಾರಿಯಲ್ಲಿ ಈ ಕುಂಚವೂ ಒಂದು ಗುರುತು.

ಅಲ್ಲಿಂದ ಮುಂದೆ ಜಪಾನಿನ ಶಿಲ್ಪಿಗಳು ಒಂದು ಹೆಜ್ಜೆ ಮುಂದಿಟ್ಟರು. ಮರದ ಬುದ್ಧನ ತಲೆಯನ್ನು ಟೊಳ್ಳು ಮಾಡಿ, ಕಣ್ಣಿನ ಸೀಳಿನ ಹಿಂದೆ ತೆಳುವಾಗಿ ಉಜ್ಜಿದ ಸ್ಫಟಿಕವನ್ನು ಒಳಗಿನಿಂದ ಕೂರಿಸಿದರು. ಸ್ಫಟಿಕದ ಹಿಂಬದಿಗೆ ಪಾಪೆ ಬರೆದು, ಅದರ ಹಿಂದೆ ಕಣ್ಣಿನ ಬಿಳಿಗಾಗಿ ಬಿಳಿ ಕಾಗದವನ್ನೋ ಹತ್ತಿಯನ್ನೋ ಒತ್ತಿ, ಬಿದಿರಿನ ಮೊಳೆಗಳಿಂದ ಬಿಗಿದರು. ನಾರಾದ ಚೋಗಾಕುಜಿ ದೇವಾಲಯದಲ್ಲಿರುವ 1151ರ ಅಮಿದ ಬುದ್ಧನ ಮೂರ್ತಿಗಳು, ಕಾಲ ಖಚಿತವಾಗಿ ಗೊತ್ತಿರುವವುಗಳ ಪೈಕಿ, ಇಂಥ ಕಣ್ಣು ಪಡೆದ ಮೊದಲಿನವು. ಬರೆದ ಕಣ್ಣು ಮೇಲ್ಮೈಯಲ್ಲೇ ನಿಲ್ಲುತ್ತದೆ, ಸ್ಫಟಿಕದ ಕಣ್ಣಿಗೆ ಆಳವಿದೆ. ಎಣ್ಣೆ ದೀಪ ಕದಲಿದರೆ ಹೊಳಪು ಕದಲುತ್ತದೆ, ಹೊಳಪು ಕದಲಿದರೆ ನೋಟವೇ ಕದಲಿದ ಹಾಗಿರುತ್ತದೆ. ಮುಂದೆ ಗೊಂಬೆಗಳಿಗೆ ಬಂದ ಗಾಜಿನ ಕಣ್ಣಿನ ಗುಟ್ಟೂ ಇದೇ. ಪಾಪೆ ಗಾಜಿನ ಉಬ್ಬಿನ ಹಿಂದೆ, ಒಳಗಿರುತ್ತದೆ. ನಾವು ಎಡಕ್ಕೆ ಸರಿದರೆ ಬೆಳಕು ಬಾಗಿ ಪಾಪೆಯೂ ನಮ್ಮ ಕಡೆಗೇ ಸರಿದಂತೆ ತೋರುತ್ತದೆ. 'ಎಲ್ಲಿ ನಿಂತರೂ ನನ್ನನ್ನೇ ನೋಡುತ್ತದೆ' ಎನ್ನುವವರ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಇನ್ನು ನಮ್ಮ ತಲೆಯೊಳಗೆ ಏನಾಗುತ್ತದೆ ನೋಡಿ. ಮುಖವನ್ನು ಗುರುತಿಸುವ ಕೆಲಸಕ್ಕೆ ಮಿದುಳು ನಮ್ಮ ಅಪ್ಪಣೆ ಕಾಯುವುದಿಲ್ಲ. ಕಣ್ಣಿಗೆ ಬಿದ್ದ ಸುಮಾರು 170 ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಐದನೇ ಒಂದು ಭಾಗಕ್ಕೂ ಮೊದಲೇ, 'ಇದು ಮುಖ' ಎಂಬ ವಿದ್ಯುತ್ ಸಂಕೇತ ಹೊರಟಿರುತ್ತದೆ. ಥೇಲಿಯಾ ವೀಟ್ಲಿ ಎಂಬ ಅಮೆರಿಕದ ವಿಜ್ಞಾನಿಯ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಸ್ವಾರಸ್ಯ ಕಂಡಿತು. ಆ ಮೊದಲ ಸಂಕೇತ ಮನುಷ್ಯರ ಮುಖಕ್ಕೂ ಗೊಂಬೆಯ ಮುಖಕ್ಕೂ ಜೋರಾಗಿಯೇ ಏಳುತ್ತದೆ. ವ್ಯತ್ಯಾಸ ಬರುವುದು ಆಮೇಲೆ. ಸುಮಾರು 400 ಮಿಲಿಸೆಕೆಂಡು ದಾಟಿದ ಮೇಲೂ ಮಿದುಳಿನ ಆಸಕ್ತಿ ಉಳಿದುಕೊಳ್ಳುವುದು ಮನುಷ್ಯರ ಮುಖದ ಮೇಲೆ ಮಾತ್ರ. ಗೊಂಬೆಯದಾದರೆ ಅಷ್ಟರಲ್ಲಿ ಇಳಿದುಹೋಗಿರುತ್ತದೆ.

ಅಂದರೆ ಮೊದಲ ಉತ್ತರ 'ಯಾರೋ ಇದ್ದಾರೆ', ಎರಡನೆಯ ಉತ್ತರ 'ಯಾರೂ ಇಲ್ಲ'. ಮನೆಯ ಕರೆಗಂಟೆ ಬಾರಿಸಿದಂತೆ. ಎದ್ದು ಹೋಗಿ ಬಾಗಿಲು ತೆಗೆದರೆ ಹೊರಗೆ ಯಾರೂ ಇಲ್ಲ. ಚಿಲಕ ಹಾಕಿ ಬಂದು ಕೂತರೆ ಮತ್ತೆ ಗಂಟೆ. ಬಟ್ಟೆಯ ಗೊಂಬೆಯೋ ಪ್ಲಾಸ್ಟಿಕ್ ಗೊಂಬೆಯೋ ಆದರೆ ಒಂದು ಸಲ ಬಾರಿಸಿ ಸುಮ್ಮನಾಗುತ್ತದೆ. ನಿಜದಂತಿರುವ ಗೊಂಬೆ ನಾವು ಕಣ್ಣೆತ್ತಿದಾಗಲೆಲ್ಲ ಹೊಸದಾಗಿ ಗಂಟೆ ಬಾರಿಸುತ್ತದೆ. ಅದು ಗೊಂಬೆ ಎಂದು ತಿಳಿದಿರುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ತಿಳಿವಳಿಕೆ ಬರುವುದೇ ಎರಡನೆಯದಾಗಿ.

ಗೊಂಬೆ ಎಲ್ಲಿ ಮುಗಿದು ಮನುಷ್ಯ ಎಲ್ಲಿ ಶುರುವಾಗುತ್ತಾನೆ? ಅದನ್ನೂ ಅಳೆದಿದ್ದಾರೆ. 2010ರಲ್ಲಿ ಕ್ರಿಸ್ಟೀನ್ ಲೂಸರ್ ಮತ್ತು ವೀಟ್ಲಿ ಗೊಂಬೆಯ ಮುಖವನ್ನು ಹಂತಹಂತವಾಗಿ ಮನುಷ್ಯನ ಮುಖವಾಗಿ ಬದಲಿಸುವ ಚಿತ್ರಗಳನ್ನು ತೋರಿಸಿದರು. ಅರ್ಧ ದಾರಿಗೆ ಜನ ಒಪ್ಪಲಿಲ್ಲ. ಮೂರರಲ್ಲಿ ಎರಡು ಪಾಲು ಮನುಷ್ಯನ ಕಡೆ ವಾಲಿದ ಮೇಲೆಯೇ 'ಜೀವ ಇದೆ' ಎಂದರು. ಆ ತೀರ್ಮಾನಕ್ಕೆ ಎಲ್ಲಕ್ಕಿಂತ ಹೆಚ್ಚು ನೆಚ್ಚಿಕೊಂಡಿದ್ದು ಕಣ್ಣನ್ನು. ಜಪಾನಿನ ಗೊಂಬೆಗಾರರಿಗೆ ಈ ಗಡಿ ಕೈಯಳತೆಯಲ್ಲೇ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ. ಅವರು ಗಡಿಯ ಮೇಲೆಯೇ ಗೊಂಬೆಯನ್ನು ನಿಲ್ಲಿಸುತ್ತಾರೆ.

ಈ ಕಸಿವಿಸಿಗೆ ಪ್ರಸಿದ್ಧ ಹೆಸರು ಕೊಟ್ಟವರು ಮಾಸಾಹಿರೊ ಮೋರಿ, ಆಗ ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ರೋಬೋಟ್ ತಜ್ಞರಾಗಿದ್ದವರು. 1970ರಲ್ಲಿ ಬರೆದ ಸಣ್ಣ ಲೇಖನದಲ್ಲಿ ಅವರು ಒಂದು ಗೆರೆ ಎಳೆದರು. ವಸ್ತು ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಅದರ ಮೇಲಿನ ಆಪ್ತತೆ ಏರುತ್ತದೆ. ಇನ್ನೇನು ಮನುಷ್ಯನೇ ಎನ್ನುವಷ್ಟರಲ್ಲಿ ಗೆರೆ ದಿಢೀರನೆ ಕುಸಿಯುತ್ತದೆ. ಆ ಕುಸಿತವನ್ನು ಅವರು 'ಬುಕಿಮಿ ನೊ ತಾನಿ' ಎಂದರು. ಕನ್ನಡದಲ್ಲಿ ಕಸಿವಿಸಿಯ ಕಣಿವೆ ಎನ್ನಬಹುದು. ಅವರು ಕೊಟ್ಟ ಉದಾಹರಣೆ ಕೃತಕ ಕೈ. ನರ, ಉಗುರು ಎಲ್ಲ ಇರುವ ಕೈ. ಕುಲುಕಲು ಹಿಡಿದರೆ ತಣ್ಣಗೆ, ಮೂಳೆಯಿಲ್ಲದ ಹಾಗೆ ಮೆತ್ತಗೆ. ಆ ಕ್ಷಣದಲ್ಲಿ ಆಪ್ತತೆ ಸೋರಿಹೋಗುತ್ತದೆ.

ಮೋರಿಯವರ ಲೇಖನದ ಈ ಭಾಗ ಎಲ್ಲರ ಬಾಯಲ್ಲೂ ಇದೆ. ಜನ ಅಷ್ಟಾಗಿ ಹೇಳದ ಇನ್ನೆರಡು ಮಾತು ಅದರಲ್ಲಿವೆ. ಒಂದು, ಬುನ್‌ರಾಕು ಎಂಬ ಜಪಾನಿನ ಗೊಂಬೆಯಾಟದ ಗೊಂಬೆಯನ್ನು ಅವರು ಕಣಿವೆಯೊಳಗೆ ಹಾಕಲಿಲ್ಲ, ಅದನ್ನು ದಾಟಿದ ಆಚೆ ದಡದಲ್ಲಿ ನಿಲ್ಲಿಸಿದರು. ಹತ್ತಿರದಿಂದ ಆ ಗೊಂಬೆ ಮನುಷ್ಯನಂತಿಲ್ಲ, ಆಡಿಸುವ ಮೂವರೂ ಕಣ್ಣಿಗೆ ಕಾಣುತ್ತಾರೆ. ಆದರೂ ಸಭಿಕರ ಸಾಲಿನಲ್ಲಿ ಕೂತವರಿಗೆ ಅದರ ಅಳು ಅಳುವೇ. ಎರಡು, ಬುದ್ಧನ ಮೂರ್ತಿ ಕೆತ್ತುವ ಶಿಲ್ಪಿಯೊಬ್ಬ ಮಾಡಿದ ಮರದ ಕೈಯನ್ನು ಅವರು ನೆನೆಯುತ್ತಾರೆ. ಅದರ ಬೆರಳು ಕೀಲುಗಳಲ್ಲಿ ಬಾಗುತ್ತವೆ. ಬೆರಳಚ್ಚಿನ ಗೆರೆಗಳಿಲ್ಲ, ಮರದ ಬಣ್ಣ ಹಾಗೆಯೇ ಇದೆ. ಅದನ್ನು ನೋಡಿದರೆ ಕಸಿವಿಸಿ ಆಗುವುದೇ ಇಲ್ಲ ಎನ್ನುತ್ತಾರೆ. ಹೋಲಿಕೆ ಹೆಚ್ಚಿದಷ್ಟೂ ಅಂಜಿಕೆ ಹೆಚ್ಚು ಎಂಬ ಸರಳ ಲೆಕ್ಕ ಮೋರಿಯವರದಲ್ಲ. ಸೆಯಾಮಾ ಮತ್ತು ನಾಗಾಯಾಮಾ ಎಂಬ ಸಂಶೋಧಕರು 2007ರಲ್ಲಿ ತೋರಿಸಿದ್ದೂ ಇದಕ್ಕೆ ಹೊಂದುತ್ತದೆ. ಕೃತಕ ಮುಖವನ್ನು ನಿಜದ ಕಡೆ ಸರಿಸಿದ ಮಾತ್ರಕ್ಕೆ ಜನ ಬೆಚ್ಚಲಿಲ್ಲ. ನಿಜದಂತಿರುವ ಮುಖದಲ್ಲಿ ಕಣ್ಣಿನ ಗಾತ್ರ ವಿಪರೀತವಾದಾಗ ಬೆಚ್ಚಿದರು. ಒಂದು ಭಾಗ 'ಮನುಷ್ಯ' ಎನ್ನುವಾಗ ಇನ್ನೊಂದು 'ಅಲ್ಲ' ಎನ್ನಬೇಕು, ಆಗಲೇ ಮೈ ಜುಮ್ಮೆನ್ನುವುದು.

ಕೃತಕ ಅಂಗದ ಮಾತು ಬಂತಲ್ಲ, ಮೋರಿಯವರಿಗಿಂತ ನೂರು ವರ್ಷ ಹಿಂದಕ್ಕೆ ಹೋಗೋಣ. ಕುಮಾಮೊತೊ ಊರಿನ ಮಾತ್ಸುಮೊತೊ ಕಿಸಬುರೊ (1825–1891) ಎಂಬ ಕಲಾವಿದ 'ಇಕಿ ನಿಂಗ್ಯೊ', ಅಂದರೆ ಜೀವಂತ ಗೊಂಬೆಗಳಿಗೆ ಹೆಸರಾದವನು. ಆಳೆತ್ತರದ ಗೊಂಬೆಗಳು. ಚರ್ಮದ ಬಣ್ಣ, ಕೂದಲು, ಹಲ್ಲು, ಉಗುರು ಎಲ್ಲ ನೈಜ. 1854ರಲ್ಲಿ ಓಸಾಕಾದಲ್ಲಿ, ಮರುವರ್ಷ ಇಂದಿನ ಟೋಕಿಯೊದ ಅಸಾಕುಸಾದಲ್ಲಿ ಅವನ್ನು ಪ್ರದರ್ಶನಕ್ಕಿಟ್ಟಾಗ ಜನ ದುಡ್ಡು ಕೊಟ್ಟು ಮುಗಿಬಿದ್ದರು. ಜಾತ್ರೆಯ ಬಯಲಾಟದಷ್ಟೇ ಜನಪ್ರಿಯ ತಮಾಷೆ ಅದು. ಅದೇ ಕಾಲದಲ್ಲಿ ಸವಾಮುರಾ ತನೊಸುಕೆ ಎಂಬ ಕಬುಕಿ ನಾಟಕದ ನಟ, ಹೆಣ್ಣುವೇಷಕ್ಕೆ ಹೆಸರಾದವನು, ಮಾಂಸ ಕೊಳೆಯುವ ಗ್ಯಾಂಗ್ರೀನ್ ರೋಗದಿಂದ ಕಾಲು ಕಳೆದುಕೊಂಡ. ರಂಗ ಬಿಡಲೊಲ್ಲದ ಅವನಿಗೆ ಕೃತಕ ಕಾಲು ಮಾಡಿಕೊಟ್ಟವರಲ್ಲಿ ಕಿಸಬುರೊ ಕೂಡ ಒಬ್ಬ ಎನ್ನುತ್ತಾರೆ. ಗೊಂಬೆ ಮಾಡುವ ಕೈ ಮನುಷ್ಯನ ಮೈಯ ಖಾಲಿ ಜಾಗವನ್ನು ತುಂಬಿದ ಈ ಪ್ರಸಂಗ ನನ್ನನ್ನು ಬಹಳ ಕಾಡಿದೆ. ಗೊಂಬೆಯ ಕೆಲಸವೇ ಅದು: ಇಲ್ಲದವರ ಜಾಗದಲ್ಲಿ ನಿಲ್ಲುವುದು.

ಇನ್ನು ಆ ಚರ್ಮ. ಗೊಂಬೆಯ ತಲೆಗೆ 'ಕಿರಿ' ಎಂಬ ಹೆಸರಿನ ಮರದ ಹೊಟ್ಟನ್ನು ಗೋಧಿ ಗಂಜಿಯ ಅಂಟಿನಲ್ಲಿ ಕಲಸಿ, ಅಚ್ಚಿಗೆ ಒತ್ತಿ ಒಣಗಿಸುತ್ತಾರೆ. ಅದರ ಮೇಲೆ ಬರುವ ಬಿಳಿ ಲೇಪವೇ 'ಗೋಫುನ್'. ಕಡಲ ಸಿಂಪಿಯ ಚಿಪ್ಪನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಆಮೇಲೆ ಅರೆದು ಮಾಡಿದ ನುಣುಪು ಪುಡಿ. ಅದನ್ನು ಸರೇಸಿನ ಜೊತೆ ಬೆಚ್ಚಗೆ ಕಲಸಿ ಬಳಿಯುತ್ತಾರೆ. ಗಟ್ಟಿ ಲೇಪದಿಂದ ಮೂಗು, ತುಟಿ, ರೆಪ್ಪೆಗಳನ್ನು ಎತ್ತರಿಸಿ, ಕತ್ತಿಯಿಂದ ತಿದ್ದಿ, ಮತ್ತೆ ತೆಳು ಲೇಪ ಕೊಡುತ್ತಾರೆ. ಒಂದೊಂದು ಪದರ ಒಣಗಿದ ಮೇಲೆ ಇನ್ನೊಂದು. ಸರೇಸು ಹೆಚ್ಚಾದರೆ ಬಿರುಕು ಬಿಡುತ್ತದೆ, ಕಡಿಮೆಯಾದರೆ ಪುಡಿಪುಡಿಯಾಗುತ್ತದೆ. ಕಡೆಗೆ ಒದ್ದೆ ಬಟ್ಟೆಯಿಂದ ಉಜ್ಜಿ ನುಣುಪು ಮಾಡುತ್ತಾರೆ. ಪಿಂಗಾಣಿಯ ಹಾಗೆ ಇದು ಬೆಳಕನ್ನು ಮುಖಕ್ಕೆ ಎರಚುವುದಿಲ್ಲ. ಬೆಳಕನ್ನು ಒಂದಿಷ್ಟು ಒಳಗೆ ಎಳೆದುಕೊಂಡು ಮೆಲ್ಲಗೆ ಹಿಂದಿರುಗಿಸುತ್ತದೆ. ಸ್ನಾನ ಮಾಡಿಸಿ ಪೌಡರ್ ಹಚ್ಚಿದ ಮಗುವಿನ ಕೆನ್ನೆಯನ್ನು ಕಿಟಕಿಯ ಬೆಳಕಿನಲ್ಲಿ ನೋಡಿದವರಿಗೆ ಈ ಹೊಳಪು ಗೊತ್ತು.

ಮುಖಭಾವದ್ದೂ ಒಂದು ಲೆಕ್ಕವಿದೆ. ಒಳ್ಳೆಯ ಗೊಂಬೆ ನಗುವುದಿಲ್ಲ, ಅಳುವುದೂ ಇಲ್ಲ. ತುಟಿ ಕೂದಲೆಳೆಯಷ್ಟು ಬಿರಿದಿರುತ್ತದೆ, ಮಾತು ಶುರುವಾಗುವ ಮುಂಚಿನ ಕ್ಷಣದಂತೆ. ಇದನ್ನು ಅರ್ಥಮಾಡಿಕೊಳ್ಳಲು ನೋಹ್ ನಾಟಕದ ಮುಖವಾಡ ಸಹಾಯಕ್ಕೆ ಬರುತ್ತದೆ. ನಟ ಮುಖವಾಡವನ್ನು ತುಸು ಮೇಲೆತ್ತಿದರೆ ಅದರ ಮುಖ ಬೆಳಗುತ್ತದೆ, ಅದಕ್ಕೆ 'ತೆರಾಸು' ಎನ್ನುತ್ತಾರೆ. ತುಸು ಬಗ್ಗಿಸಿದರೆ ಮೋಡ ಕವಿಯುತ್ತದೆ, ಅದು 'ಕುಮೊರಾಸು'. ಮರ ಅದೇ ಮರ. ನೆರಳು ಬಿದ್ದ ಕಡೆ ದುಃಖವನ್ನು ನಾವೇ ತುಂಬುತ್ತೇವೆ. ಗೊಂಬೆಯೂ ಹಾಗೆಯೇ. ಬೆಳಿಗ್ಗೆ ಒಂದು ಮುಖ, ಸಂಜೆ ದೀಪ ಹಚ್ಚಿದ ಮೇಲೆ ಇನ್ನೊಂದು. ಮನೆಯಲ್ಲಿ ಇಂಥ ಗೊಂಬೆ ಇಟ್ಟವರು 'ಇವತ್ತು ಏಕೋ ಬೇಜಾರಲ್ಲಿದ್ದಾಳೆ' ಎಂದರೆ ಅವರು ಭ್ರಮೆಯಲ್ಲಿದ್ದಾರೆ ಎಂದು ತಿಳಿಯಬೇಕಿಲ್ಲ. ಹಾಗೆ ಕಾಣಲೆಂದೇ ಆ ಮುಖವನ್ನು ಖಾಲಿ ಬಿಟ್ಟಿರುತ್ತಾರೆ.

ಇಷ್ಟೆಲ್ಲ ಕಸುಬು ಸೇರಿದರೂ ಕಥೆ ಪೂರ್ತಿಯಾಗುವುದಿಲ್ಲ. ಜಪಾನೀ ಭಾಷೆಯಲ್ಲಿ ಗೊಂಬೆಗೆ 'ನಿಂಗ್ಯೊ' ಎನ್ನುತ್ತಾರೆ. ಆ ಎರಡು ಅಕ್ಷರಗಳ ಅರ್ಥ 'ಮನುಷ್ಯ' ಮತ್ತು 'ಆಕಾರ'. ಅವೇ ಅಕ್ಷರಗಳನ್ನು 'ಹಿತೊಗತ' ಎಂದೂ ಓದಬಹುದು. ಹಿತೊಗತ ಎಂದರೆ ಕಾಗದದಲ್ಲಿ ಕತ್ತರಿಸಿದ ಮನುಷ್ಯಾಕಾರ. ಅದರಿಂದ ಮೈ ಸವರಿಕೊಂಡು, ಅದಕ್ಕೆ ಉಸಿರು ಊದಿ, ತಮ್ಮ ಕೆಡುಕನ್ನೆಲ್ಲ ಅದಕ್ಕೆ ದಾಟಿಸಿ ನೀರಿಗೆ ಬಿಡುತ್ತಾರೆ. ನಾವು ದೃಷ್ಟಿ ನಿವಾಳಿಸಿ ಎಸೆಯುವ ಹಾಗೆ. ಮಾರ್ಚ್ 3ರ ಹಿನಾ ಹಬ್ಬದಲ್ಲಿ ಹೆಣ್ಣುಮಕ್ಕಳಿಗಾಗಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ರಾಜ ರಾಣಿಯರ ಗೊಂಬೆ ಕೂರಿಸುತ್ತಾರಲ್ಲ, ಅದರ ಬೇರೂ ಇಲ್ಲಿದೆ. ವಾಕಾಯಾಮಾ ಪ್ರಾಂತದ ಅವಾಶಿಮಾ ದೇಗುಲದಲ್ಲಿ ಇಂದಿಗೂ ಆ ದಿನ ದೋಣಿಯಲ್ಲಿ ಗೊಂಬೆ ತುಂಬಿ ಕಡಲಿಗೆ ಬಿಡುತ್ತಾರೆ. ಮಗುವಿಗೆ ಬರಬೇಕಾದ ಕೇಡನ್ನು ಗೊಂಬೆ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಹೀಗೆ ನಮಗಾಗಿ ಕೇಡನ್ನು ಹೊತ್ತದ್ದರ ಮೇಲೆ ಪ್ರೀತಿ ಇರುತ್ತದೆ. ಅದರೊಳಗೆ ಕೇಡು ಇದೆಯಲ್ಲ ಎಂಬ ಅಂಜಿಕೆಯೂ ಇರುತ್ತದೆ. ಒಂದೇ ಬೇರು ಎಂದು ನಾನು ಹೇಳಿದ್ದು ಇದನ್ನೇ.

ಗೊಂಬೆಯನ್ನು 'ಯಾರೋ' ಎಂದು ಕಾಣುವುದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇತಿಹಾಸದಲ್ಲಿ ನೋವಿನ ಉದಾಹರಣೆ ಇದೆ. 1927ರಲ್ಲಿ ಅಮೆರಿಕದ ಮಕ್ಕಳು ಸ್ನೇಹದ ಗುರುತಾಗಿ ಸುಮಾರು 12,700 ನೀಲಿ ಕಣ್ಣಿನ ಗೊಂಬೆಗಳನ್ನು ಜಪಾನಿನ ಶಾಲೆಗಳಿಗೆ ಕಳಿಸಿದರು. ಉತ್ತರವಾಗಿ ಜಪಾನ್ 58 ಗೊಂಬೆಗಳನ್ನು ಕಳಿಸಿತು. ಒಂದೊಂದೂ ಸುಮಾರು 81 ಸೆಂಟಿಮೀಟರ್ ಎತ್ತರ, ಗೋಫುನ್ ಮುಖ, ರೇಷ್ಮೆ ಕಿಮೊನೊ, ಜೊತೆಗೆ ಪುಟಾಣಿ ಸಾಮಾನುಗಳ ಬಳುವಳಿ. ಅವನ್ನು ಮಾಡಿದವರಲ್ಲಿ ಇಪ್ಪತ್ತರ ಹರೆಯದ ಹಿರಾತಾ ಗೋಯೊ ಕೂಡ ಇದ್ದರು. ಜೀವಂತ ಗೊಂಬೆ ಮಾಡುವವರ ಮನೆಯಲ್ಲಿ ಹುಟ್ಟಿದ ಅವರನ್ನು 1955ರಲ್ಲಿ ಜಪಾನ್ ಸರ್ಕಾರ 'ಜೀವಂತ ರಾಷ್ಟ್ರೀಯ ನಿಧಿ' ಎಂದು ಗೌರವಿಸಿತು. ಯುದ್ಧ ಬಂದಾಗ ಜಪಾನಿನಲ್ಲಿದ್ದ ನೀಲಿ ಕಣ್ಣಿನ ಗೊಂಬೆಗಳು ಶತ್ರುಗಳಾದವು. 1943ರ ಹೊತ್ತಿಗೆ ಅವನ್ನು ಶಾಲೆಯ ಅಂಗಳದಲ್ಲಿ ಸುಟ್ಟರು, ಬಿದಿರಿನ ಈಟಿಯಿಂದ ಇರಿದರು. ಮರ ಬಟ್ಟೆಯ ವಸ್ತು ಎಂದುಕೊಂಡವರು ಈಟಿ ಹಿಡಿಯುವುದಿಲ್ಲ. ಕೆಲವು ಶಿಕ್ಷಕರು ಅವನ್ನು ಕಪಾಟಿನಲ್ಲಿ, ಅಟ್ಟದಲ್ಲಿ ಬಚ್ಚಿಟ್ಟರು. ಹಾಗೆ ಉಳಿದವು ಮುನ್ನೂರರ ಆಸುಪಾಸು.

ಉತ್ತರದ ಅಓಮೊರಿ ಪ್ರಾಂತದಲ್ಲಿ ಇನ್ನೊಂದು ಬಗೆಯ ಗೊಂಬೆ ಇದೆ. ಅಲ್ಲಿನ ಕಾವಾಕುರಾ ಎಂಬಲ್ಲಿ ಜಿಜೊ ಬೋಧಿಸತ್ವನ ಗುಡಿಯಿದೆ. ಗುಡಿಯೊಳಗೆ ಗಾಜಿನ ಪೆಟ್ಟಿಗೆಗಳ ಸಾಲು, ಒಂದೊಂದರಲ್ಲೂ ಮದುಮಗಳ ವೇಷದ ಗೊಂಬೆ, ಪಕ್ಕದಲ್ಲಿ ಒಬ್ಬ ಯುವಕನ ಫೋಟೊ. ಮದುವೆಗೆ ಮುಂಚೆ ತೀರಿಕೊಂಡ ಮಗನಿಗೆ ತಾಯ್ತಂದೆ ಕೊಟ್ಟ ವಧು ಅವಳು. ಯುದ್ಧದಲ್ಲಿ ಸತ್ತ ಹುಡುಗರಿಗಾಗಿ ಈ ಪದ್ಧತಿ ಬೆಳೆಯಿತು. ತುಳುನಾಡಿನ ಪ್ರೇತ ಮದುವೆ ಗೊತ್ತಿರುವವರಿಗೆ ಆ ತಾಯ್ತಂದೆಯ ಮನಸ್ಸನ್ನು ವಿವರಿಸಬೇಕಾಗಿಲ್ಲ. ಆ ಗೊಂಬೆಗಳ ಚಿತ್ರ ನೋಡಿದರೆ ಮೈ ಜುಮ್ಮೆನ್ನುತ್ತದೆ ನಿಜ. ಆದರೆ ಅದಕ್ಕೆ 'ಹಾರರ್' ಎಂಬ ಹಣೆಪಟ್ಟಿ ಹಚ್ಚಿ ಹಂಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇಂದು ಅಂತರ್ಜಾಲದಲ್ಲಿ ಜನ ಬೆರಗಾಗಿ ನೋಡುವ ಕಲಾಗೊಂಬೆಗಳು ಹೆಚ್ಚಾಗಿ ಇನ್ನೊಂದು ಕವಲಿನವು. 1930ರ ದಶಕದಲ್ಲಿ ಜರ್ಮನಿಯ ಹಾನ್ಸ್ ಬೆಲ್ಮರ್ ಕೀಲುಗಳಲ್ಲಿ ಚೆಂಡಿನಂಥ ಗುಂಡು ಇಟ್ಟ ಗೊಂಬೆಗಳನ್ನು ಮಾಡಿ, ಬೇಕಾದಂತೆ ಬಿಚ್ಚಿ ಜೋಡಿಸಿ ಫೋಟೊ ತೆಗೆದಿದ್ದ. 1965ರಲ್ಲಿ ಶಿಬುಸಾವಾ ತಾತ್ಸುಹಿಕೊ ಎಂಬ ಲೇಖಕ ಜಪಾನೀ ಪತ್ರಿಕೆಯೊಂದರಲ್ಲಿ ಅವನನ್ನು ಪರಿಚಯಿಸಿದರು. ಅದನ್ನು ನೋಡಿದ ಯುವಕ ಯೊತ್ಸುಯಾ ಸಿಮೊನ್ ತನ್ನ ಹಳೆಯ ರೀತಿಯನ್ನೇ ಬಿಟ್ಟುಬಿಟ್ಟ. ನಡುವೆ ಕಾರಾ ಜೂರೊ ಎಂಬವರ ನಾಟಕ ತಂಡದಲ್ಲಿ ಹೆಣ್ಣುವೇಷದ ನಟನಾಗಿದ್ದ ಅವನು 1973ರಲ್ಲಿ ಗೊಂಬೆಗಳ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದ. ಅವನ ನಂತರ ಅಮಾನೊ ಕಾತಾನ್, ಕೊಯಿತ್ಸುಕಿಹಿಮೆ ಮುಂತಾದವರು ಬಂದರು. 2004ರಲ್ಲಿ ಟೋಕಿಯೊದ ಸಮಕಾಲೀನ ಕಲಾ ಸಂಗ್ರಹಾಲಯ ಈ ಗೊಂಬೆಗಳಿಗೆಂದೇ ಪ್ರದರ್ಶನ ಏರ್ಪಡಿಸಿತು. ಅಷ್ಟರಲ್ಲಾಗಲೇ ವೋಕ್ಸ್ ಕಂಪನಿ 1999ರಿಂದ ಸೂಪರ್ ಡಾಲ್ಫಿ ಎಂಬ ಹೆಸರಿನಲ್ಲಿ ರೆಸಿನ್ ಗೊಂಬೆಗಳನ್ನು ಮಾರುತ್ತಿತ್ತು, ಕೊಂಡವರು ಕಣ್ಣು ಕೂದಲು ತಾವೇ ಬದಲಿಸಬಹುದಾದಂಥವು.

ಈ ಗೊಂಬೆಯ ರಚನೆ ಸರಳ. ಕೈ, ಕಾಲು, ಮುಂಡ ಎಲ್ಲ ಟೊಳ್ಳು. ಒಳಗೆ ಬಿಗಿಯಾದ ರಬ್ಬರ್ ದಾರ ಹಾಯುತ್ತದೆ. ಮೊಣಕಾಲು, ಮೊಣಕೈ, ಸೊಂಟದಲ್ಲಿ ಒಂದೊಂದು ಗುಂಡು. ದಾರದ ಎಳೆತಕ್ಕೆ ಗುಂಡು ಬಟ್ಟಲಿನಲ್ಲಿ ಕಚ್ಚಿಕೊಂಡು, ನಾವು ಕೂರಿಸಿದ ಭಂಗಿಯಲ್ಲೇ ಗೊಂಬೆ ಕೂತಿರುತ್ತದೆ. ಕಿಸಬುರೊ ಕೀಲನ್ನು ಬಟ್ಟೆಯೊಳಗೆ ಮರೆಸುತ್ತಿದ್ದ. ಇವರು ತೋರಿಸುತ್ತಾರೆ. ಮುಖ ನೋಡಿದರೆ ಉಸಿರಾಡುವ ಹುಡುಗಿ, ಮೊಣಕಾಲು ನೋಡಿದರೆ ಕೆತ್ತಿದ ಗುಂಡು. ಮೋರಿಯವರ ಕೃತಕ ಕೈ ಕೈಕುಲುಕುವ ತನಕ ಸುಳ್ಳು ಹೇಳಿತ್ತು. ಬುದ್ಧನ ಶಿಲ್ಪಿಯ ಮರದ ಕೈ ಮೊದಲೇ ನಿಜ ಹೇಳಿತ್ತು. ಗುಂಡು ಕೀಲಿನ ಗೊಂಬೆ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಕಣಿವೆಯನ್ನು ದಾಟುವ ಆತುರ ಅದಕ್ಕಿಲ್ಲ. ಅದರ ಅಂಚಿನಲ್ಲಿ ಕೂತು ನಮ್ಮನ್ನೂ ಪಕ್ಕಕ್ಕೆ ಕರೆಯುತ್ತದೆ.

ಇಷ್ಟು ಹತ್ತಿರದವರಾದ ಮೇಲೆ ಗೊಂಬೆಯನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುವುದಿಲ್ಲ. ಅದಕ್ಕೆಂದೇ 'ನಿಂಗ್ಯೊ ಕುಯೊ' ಎಂಬ ಬೀಳ್ಕೊಡುಗೆ ವಿಧಿ ಇದೆ. ಟೋಕಿಯೊದ ಉಯೆನೊದಲ್ಲಿರುವ ಕಿಯೊಮಿಜು ಕನ್ನೊನ್ ಮಂದಿರದಲ್ಲಿ ಪ್ರತಿ ಸೆಪ್ಟೆಂಬರ್ 25ರಂದು ಭಿಕ್ಷುಗಳು ಮಂತ್ರ ಹೇಳಿ ಹಳೆಯ ಗೊಂಬೆಗಳನ್ನು ಕಳಿಸಿಕೊಡುತ್ತಾರೆ. ಅವಾಶಿಮಾ ದೇಗುಲದಲ್ಲಿ ಜನ ಬಿಟ್ಟುಹೋದ ಸುಮಾರು 20,000 ಗೊಂಬೆಗಳು ಜಗಲಿಯುದ್ದಕ್ಕೂ ಸಾಲಾಗಿ ಕೂತಿವೆ. ಮನೆಯಿಂದ ಹೊರಡಿಸುವ ಮುನ್ನ ಬಹಳ ಮಂದಿ ಗೊಂಬೆಯ ಮುಖಕ್ಕೆ ಬಿಳಿ ಕಾಗದವನ್ನೋ ಬಟ್ಟೆಯನ್ನೋ ಕಟ್ಟುತ್ತಾರೆ. ಕಣ್ಣು ಕಾಣುತ್ತಿದ್ದರೆ ಬಿಡಲಾಗುವುದಿಲ್ಲ ಎನ್ನುವುದು ಒಂದು ಕಾರಣ.

ಬಿಡದೆ ಇಟ್ಟುಕೊಳ್ಳುವ ಗೊಂಬೆಗೂ ಹಾಗೆಯೇ ಕಾಗದ ಸುತ್ತುತ್ತಾರೆ. ಹಿನಾ ಹಬ್ಬ ಮುಗಿದ ಮೇಲೆ ಪೆಟ್ಟಿಗೆಗೆ ಹಾಕುವಾಗ ಮೊದಲು ಮುಚ್ಚುವುದು ಮುಖವನ್ನು. ಗೋಫುನ್‌ಗೆ ತೇವ ಆಗದು, ಬೆರಳಿನ ಎಣ್ಣೆ ತಾಗಿದರೆ ಕಲೆಯಾಗುತ್ತದೆ. ಆದ್ದರಿಂದ ಕೆನ್ನೆ ಮುಟ್ಟದೆ, ಮೆತ್ತನೆಯ ಕಾಗದವನ್ನು ಹಣೆಯಿಂದ ಗಲ್ಲದವರೆಗೆ ಇಳಿಬಿಟ್ಟು, ಹಿಂದೆ ತಂದು ಸಡಿಲವಾಗಿ ಕಟ್ಟುತ್ತಾರೆ. ಬರುವ ವರ್ಷ ಫೆಬ್ರವರಿಯಲ್ಲಿ ಪೆಟ್ಟಿಗೆ ತೆರೆದು ಆ ಕಾಗದ ಸರಿಸಿದಾಗ, ಕತ್ತಿ ಮೊದಲ ಸಲ ಕೊರೆದ ದಿನದಂತೆಯೇ, ಕೂದಲೆಳೆಯಷ್ಟು ಕಪ್ಪು ಗೆರೆ ಮೊದಲು ಕಾಣುತ್ತದೆ, ಆಮೇಲೆ ನೋಟ.